ಕ್ಯಾಸೆಟ್ಟಿನ ಉದ್ದ ರೆಕಾರ್ಡಿಂಗನ್ನು ಹಾಡು ಹಾಡಾಗಿ ಬಿಡಿಸುವುದು

ಮನೆಯಲ್ಲಿದ್ದ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಆಗಿದೆ ಅಂದುಕೊಳ್ಳೋಣ. ಈಗ ನಿಮ್ಮ ಹತ್ತಿರ ಇರುವುದು ಒಂದೊಂದು ಸೈಡಿಗೆ ಒಂದೊಂದು ಉದ್ದನೆಯ ಫೈಲು. ಸಿ-60 ಆದರೆ ಅರ್ಧ ಗಂಟೆ, ಸಿ-90 ಆದರೆ ಮುಕ್ಕಾಲು ಗಂಟೆ. ಅಮ್ಮ 'ಆ ಕಲ್ಯಾಣಿ ಹಾಕು' ಅಂದರೆ ಹಿಂದೆ ಮುಂದೆ ಎಳೆದೆಳೆದು ಹುಡುಕಬೇಕು, ಅದು ಸಿಗುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ನಮ್ಮ ಮನೆಯಲ್ಲಿ ಎರಡು ವರ್ಷ ಹೀಗೇ ನಡೆಯಿತು. ಅಷ್ಟು ಕಷ್ಟಪಟ್ಟು ಇಳಿಸಿದ ಫೈಲುಗಳನ್ನು ಯಾರೂ ಕೇಳಲೇ ಇಲ್ಲ. ಹಾಡು ಹಾಡಾಗಿ ಬಿಡಿಸಿ ಅಮ್ಮನ ಫೋನಿಗೆ ಹಾಕಿಕೊಟ್ಟ ಮೇಲೆ ಈಗ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಅದೇ ಓಡುತ್ತದೆ. ಆದ್ದರಿಂದ ಈ ಕೆಲಸಕ್ಕೆ ಹಾಕಿದ ಸಮಯ ಖಂಡಿತ ವ್ಯರ್ಥ ಅಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಉದ್ದನೆಯ ಫೈಲನ್ನು ಕತ್ತರಿಸಬೇಡಿ. ಅದರ ಮೇಲೆ ಗುರುತು ಹಾಕಿ. ಹಾಡುಗಳು ಆ ಗುರುತುಗಳಿಂದ ಹುಟ್ಟುವ ಪ್ರತಿಗಳಾಗಿರಲಿ, ಮೂಲ ಹಾಗೇ ಇಡಿಯಾಗಿ ಇರಲಿ. ಯಾಕೆ ಅಂದರೆ ಎಲ್ಲಿ ಬಿಡಿಸಬೇಕು ಅನ್ನುವುದು ಕಿವಿಯ ತೀರ್ಮಾನ. ಇವತ್ತು ಸರಿ ಅನ್ನಿಸಿದ್ದು ಆರು ತಿಂಗಳ ಮೇಲೆ ತಪ್ಪು ಅನ್ನಿಸಬಹುದು. ಗುರುತು ಸರಿಸಿ ಮತ್ತೆ ಹಾಡು ತೆಗೆಯಲು ಐದು ನಿಮಿಷ ಸಾಕು. ಕತ್ತರಿಸಿ ಬಿಸಾಡಿದ್ದನ್ನು ವಾಪಸ್ ತರಬೇಕಾದರೆ ಕ್ಯಾಸೆಟ್ಟನ್ನೇ ಮತ್ತೆ ಓಡಿಸಬೇಕು, ಅಷ್ಟು ಹೊತ್ತಿಗೆ ಆ ಟೇಪು ಓಡುವ ಸ್ಥಿತಿಯಲ್ಲಿ ಇರುತ್ತದೋ ಇಲ್ಲವೋ.

ನಾನು ಬಳಸುವುದು ಆಡಾಸಿಟಿ ಅನ್ನುವ, ಶಬ್ದ ತಿದ್ದುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಕನ್ನಡ ಅಕ್ಷರದಲ್ಲಿ ಗುರುತು ಬರೆದರೂ ಒಪ್ಪಿಕೊಳ್ಳುತ್ತದೆ. ಮೂಲ ಫೈಲು ವೇವ್ ಅಥವಾ ಫ್ಲಾಕ್ (ಶಬ್ದವನ್ನು ಏನೂ ಕಳೆಯದೆ ಇಡುವ ಫೈಲ್ ರೂಪಗಳು) ಆಗಿದ್ದರೆ ಒಳ್ಳೆಯದು. ಸಿಡಿ ಗುಣಮಟ್ಟದಲ್ಲಿ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಸ್ಟೀರಿಯೊದಲ್ಲಿ ಇಳಿಸಿದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಅದನ್ನೇ ಫ್ಲಾಕ್ ಮಾಡಿದರೆ ಶಬ್ದದಲ್ಲಿ ಏನೂ ಕಳೆದುಕೊಳ್ಳದೆ ಜಾಗ ಗಣನೀಯವಾಗಿ ಉಳಿಯುತ್ತದೆ. ಹಾಗಾಗಿ ಮೂಲವನ್ನು ಫ್ಲಾಕ್ ಆಗಿ ಇಡುವುದು ನನಗೆ ರೂಢಿ.

ಗುರುತು ಹಾಕುವ ಮುಂಚೆ

ಟೇಪಿನ ವೇಗ ನೋಡಿ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅಂತ ಲೆಕ್ಕ, ಆದರೆ ಹಳೇ ಟೇಪ್ ರೆಕಾರ್ಡರುಗಳಲ್ಲಿ ಬೆಲ್ಟ್ ಸಡಿಲವಾಗಿ ಇದು ಹೆಚ್ಚು ಕಡಿಮೆ ಆಗುತ್ತದೆ. ಶೇಕಡ 6ರಷ್ಟು ವ್ಯತ್ಯಾಸವಾದರೆ ಶ್ರುತಿ ಹಾರ್ಮೋನಿಯಂನ ಒಂದು ಇಡೀ ಮನೆ ಮೇಲೋ ಕೆಳಗೋ ಹೋಗಿರುತ್ತದೆ. ಫೋನಿನಲ್ಲಿ ತಂಬೂರಿ ಆಪ್ ಹಾಕಿ ರೆಕಾರ್ಡಿಂಗಿನ ಷಡ್ಜಕ್ಕೆ ಹೋಲಿಸಿ. ಆ ಗಾಯಕರು ಸಾಮಾನ್ಯವಾಗಿ ಯಾವ ಶ್ರುತಿಯಲ್ಲಿ ಹಾಡುತ್ತಾರೆ ಅಂತ ನಿಮಗೆ ಗೊತ್ತಿದ್ದರೆ ಇನ್ನೂ ಸುಲಭ. ವೇಗ ಸರಿಪಡಿಸುವುದಿದ್ದರೆ ಈಗಲೇ, ಇಡೀ ಸೈಡಿಗೆ ಒಟ್ಟಿಗೆ ಮಾಡಿ. ಗುರುತು ಹಾಕಿದ ಮೇಲೆ ವೇಗ ಬದಲಿಸಿದರೆ ನೀವು ಬರೆದಿಟ್ಟ ಸಮಯಗಳೆಲ್ಲ ತಪ್ಪುತ್ತವೆ.

ಟೇಪಿನ ಸುಯ್ಯನೆ ಶಬ್ದ ಕಡಿಮೆ ಮಾಡುವುದಿದ್ದರೂ ಇದೇ ಮಾತು. ಹಾಡು ಬಿಡಿಸಿದ ಮೇಲೆ ಒಂದೊಂದಕ್ಕೂ ಬೇರೆ ಬೇರೆ ಮಾಡಿದರೆ ಒಂದು ಹಾಡು ಸ್ವಚ್ಛ, ಇನ್ನೊಂದು ಮಂಕು ಅಂತ ಆಗುತ್ತದೆ. ಸೈಡಿನ ಶುರುವಿನಲ್ಲಿ ಬರೀ ಟೇಪಿನ ಶಬ್ದ ಇರುವ ಒಂದೆರಡು ಸೆಕೆಂಡ್ ಸಿಗುತ್ತದೆ, ಅದನ್ನೇ ಮಾದರಿಯಾಗಿ ಕೊಟ್ಟು ಇಡೀ ಸೈಡಿಗೆ ಒಮ್ಮೆ ಮಾಡಿ. ಕಡಿಮೆ ಮಾಡಿ, ಪೂರ್ತಿ ತೆಗೆಯಲು ಹೋಗಬೇಡಿ. ಪೂರ್ತಿ ತೆಗೆದರೆ ತಂಬೂರಿಯ ಝೇಂಕಾರ ಸತ್ತುಹೋಗುತ್ತದೆ, ಪಿಟೀಲಿನ ಮೇಲೆ ನೀರಿನೊಳಗಿನಿಂದ ಬಂದಂಥ ಒಂದು ಗುಳುಗುಳು ಸೇರಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಸುಯ್ಯನೆ ಶಬ್ದ ಇದ್ದರೆ ಇರಲಿ, ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ತಾನಾಗಿ ಹುಡುಕುವ ದಾರಿ, ಅದು ಎಲ್ಲಿ ಕೈಕೊಡುತ್ತದೆ

ಆಡಾಸಿಟಿಯ ಅನಲೈಸ್ ಮೆನುವಿನಲ್ಲಿ ಲೇಬಲ್ ಸೌಂಡ್ಸ್ ಅಂತ ಇದೆ. ಹಳೇ ಆವೃತ್ತಿಗಳಲ್ಲಿ ಸೈಲೆನ್ಸ್ ಫೈಂಡರ್, ಸೌಂಡ್ ಫೈಂಡರ್ ಅಂತ ಎರಡು ಬೇರೆ ಬೇರೆ ಇದ್ದವು. ಇಷ್ಟು ಡೆಸಿಬಲ್‌ಗಿಂತ ಕೆಳಗಿನ ಶಬ್ದ ಇಷ್ಟು ಸೆಕೆಂಡ್ ಮುಂದುವರಿದರೆ ಅದನ್ನು ಮೌನ ಅಂತ ಲೆಕ್ಕ ಹಾಕು ಅಂತ ನಾವು ಹೇಳುತ್ತೇವೆ, ಅದು ಇಡೀ ಫೈಲನ್ನು ಜಾಲಾಡಿ ಗುರುತು ಹಾಕಿಕೊಡುತ್ತದೆ.

ಭಾವಗೀತೆ, ದೇವರನಾಮ, ಸಿನಿಮಾ ಹಾಡುಗಳ ಕಂಪನಿ ಕ್ಯಾಸೆಟ್ಟುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟುಡಿಯೊದಲ್ಲಿ ಮಾಡಿದ ಹಾಡುಗಳು, ಎರಡು ಹಾಡುಗಳ ನಡುವೆ ಮೂರು ನಾಲ್ಕು ಸೆಕೆಂಡ್ ನಿಜವಾದ ಖಾಲಿ. ಇಲ್ಲಿ ಒಂದೇ ತೊಡಕು, ಟೇಪಿನಲ್ಲಿ ಖಾಲಿ ಅಂದರೆ ಸೊನ್ನೆ ಅಲ್ಲ, ಅಲ್ಲೂ ಸುಯ್ಯನೆ ಶಬ್ದ ಇರುತ್ತದೆ. ಹಾಗಾಗಿ ಮೊದಲು ಎರಡು ಹಾಡುಗಳ ನಡುವಿನ ಜಾಗ ಓಡಿಸಿ ಮೀಟರ್ ಎಲ್ಲಿ ನಿಲ್ಲುತ್ತದೆ ನೋಡಿ. ಅದು ಮೈನಸ್ 45ರಲ್ಲಿ ಆಡುತ್ತಿದ್ದರೆ ಮೈನಸ್ 40 ಕೊಡಿ. ಅಂದಾಜಿನಲ್ಲಿ ಮೈನಸ್ 60 ಕೊಟ್ಟರೆ ಅದಕ್ಕೆ ಒಂದೂ ಮೌನ ಸಿಗುವುದಿಲ್ಲ. ಸಮಯಕ್ಕೆ ಎರಡು ಸೆಕೆಂಡ್ ಕೊಟ್ಟು ಶುರುಮಾಡಿ. ಪಲ್ಲವಿ ಮುಗಿದು ಚರಣ ಶುರುವಾಗುವ ಮಧ್ಯೆ ಒಂದು ಕ್ಷಣ ನಿಲ್ಲುವ ಹಾಡುಗಳು ತುಂಬಾ ಇವೆ, ಒಂದೇ ಸೆಕೆಂಡ್ ಕೊಟ್ಟರೆ ಅಲ್ಲೆಲ್ಲ ಗುರುತು ಬೀಳುತ್ತದೆ.

ಇನ್ನು ಕಚೇರಿ, ಅಂದರೆ ಸಭೆಯಲ್ಲಿ ನಡೆದ ಸಂಗೀತ ಕಾರ್ಯಕ್ರಮದ ರೆಕಾರ್ಡಿಂಗ್. ಇಲ್ಲಿ ಈ ಉಪಾಯ ನಡೆಯುವುದೇ ಇಲ್ಲ. ಕಚೇರಿಯಲ್ಲಿ ಮೌನ ಅನ್ನುವುದೇ ಇಲ್ಲವಲ್ಲ. ಮೊದಲಿಂದ ಕೊನೆಯವರೆಗೆ ತಂಬೂರಿ ನುಡಿಯುತ್ತಿರುತ್ತದೆ, ಹಾಡು ಮುಗಿದ ಕೂಡಲೇ ಚಪ್ಪಾಳೆ, ಚಪ್ಪಾಳೆ ಇಳಿಯುವಷ್ಟರಲ್ಲಿ ಮೃದಂಗದವರು ಶ್ರುತಿ ಸರಿಮಾಡಿಕೊಳ್ಳುತ್ತಿರುತ್ತಾರೆ, ಪಿಟೀಲಿನವರು ಮುಂದಿನ ರಾಗದ ಎಳೆ ಹಿಡಿದಿರುತ್ತಾರೆ. ಯಂತ್ರಕ್ಕೆ ಇದೆಲ್ಲ ಒಂದೇ ಹಾಡು. ನಾನು ಮೊದಲ ಸಲ ಒಂದು ಕಚೇರಿಯ ಸೈಡಿಗೆ ಇದನ್ನು ಓಡಿಸಿದಾಗ ಒಂದೇ ಒಂದು ಗುರುತು ಬಂತು, ಶುರುವಿನಲ್ಲಿ. ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ) ಟೇಪಿಗೆ ಓಡಿಸಿದರೆ ಇದಕ್ಕೆ ತದ್ವಿರುದ್ಧ, ಪಾತ್ರದ ಮಾತು ಆಡುವ ಅರ್ಥಧಾರಿಗಳು ಮಾತಿನ ನಡುವೆ ಉಸಿರು ತೆಗೆದುಕೊಂಡಲ್ಲೆಲ್ಲ ಗುರುತು ಹಾಕಿ ಒಂದು ಸೈಡಿಗೆ ನೂರಕ್ಕೂ ಜಾಸ್ತಿ ತುಂಡು ಮಾಡಿತ್ತು. ಇಂಥ ಟೇಪುಗಳಿಗೆ ಕೈಯಿಂದಲೇ ಗುರುತು ಹಾಕಬೇಕು.

ಕೈಯಿಂದ ಗುರುತು ಹಾಕುವುದು

ಫೈಲು ತೆರೆದು ಓಡಲು ಬಿಡಿ. ಹೊಸ ಹಾಡು ಶುರುವಾಯಿತು ಅನ್ನಿಸಿದ ಕೂಡಲೇ ಕಂಟ್ರೋಲ್ ಒತ್ತಿ ಎಂ ಒತ್ತಿ, ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ದಶಾಂಶ ಬಿಂದು. ಶಬ್ದ ನಿಲ್ಲುವುದಿಲ್ಲ, ಗುರುತು ಬೀಳುತ್ತದೆ, ಅಲ್ಲೇ ಹೆಸರು ಟೈಪ್ ಮಾಡಬಹುದು. ಮೊದಲ ಸುತ್ತಿನಲ್ಲಿ ನಿಖರತೆಗೆ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಸೈಡು ಕೂತು ಕೇಳಲು ಪುರುಸೊತ್ತು ಇಲ್ಲದಿದ್ದರೆ ಅಲೆಯ ಚಿತ್ರ ನೋಡಿಕೊಂಡು ಜಿಗಿಯಬಹುದು. ಚಪ್ಪಾಳೆ ಒಂದು ಗಿಡ್ಡ ದಪ್ಪ ಉಂಡೆಯ ಹಾಗೆ ಕಾಣುತ್ತದೆ, ಆಲಾಪನೆ ತೆಳ್ಳಗೆ ಉದ್ದಕ್ಕೆ ಹೋಗುತ್ತದೆ, ಮೃದಂಗ ಸೇರಿದ ಕೂಡಲೇ ಮುಳ್ಳು ಮುಳ್ಳಾಗುತ್ತದೆ. ನಾಲ್ಕು ಟೇಪು ಮಾಡುವಷ್ಟರಲ್ಲಿ ಕಣ್ಣಿಗೇ ಗೊತ್ತಾಗುತ್ತದೆ.

ಎರಡನೇ ಸುತ್ತಿನಲ್ಲಿ ಪ್ರತಿ ಗುರುತಿನ ಹತ್ತಿರ ಹಿಗ್ಗಿಸಿ ನೋಡಿ ಸರಿಯಾದ ಜಾಗಕ್ಕೆ ಎಳೆಯಿರಿ. ಸರಿಯಾದ ಜಾಗ ಯಾವುದು? ಸಾಮಾನ್ಯವಾಗಿ ಎಲ್ಲರೂ ಎರಡು ಹಾಡುಗಳ ನಡುವಿನ ಖಾಲಿಯ ನಟ್ಟನಡುವೆ ಗುರುತು ಹಾಕುತ್ತಾರೆ. ಹಾಗೆ ಮಾಡಬೇಡಿ. ಮುಂದಿನ ಹಾಡಿನ ಮೊದಲ ಸ್ವರಕ್ಕೆ ಅರ್ಧ ಸೆಕೆಂಡ್ ಮುಂಚೆ ಹಾಕಿ, ಖಾಲಿ ಜಾಗವೆಲ್ಲ ಹಿಂದಿನ ಹಾಡಿನ ಬಾಲಕ್ಕೆ ಹೋಗಲಿ. ಆಗ ಪಟ್ಟಿಯಿಂದ ಹಾಡು ಆರಿಸಿದ ಕೂಡಲೇ ಅದು ಶುರುವಾಗುತ್ತದೆ, ಮೊದಲಿಂದ ಕೊನೆವರೆಗೆ ಒಟ್ಟಿಗೆ ಕೇಳಿದರೂ ಮೂಲದಲ್ಲಿದ್ದ ಬಿಡುವು ಹಾಗೇ ಉಳಿಯುತ್ತದೆ. ಸಿಡಿಗಳಲ್ಲೂ ಇದೇ ಪದ್ಧತಿ.

ಹೆಡ್‌ಫೋನ್ ಹಾಕಿಕೊಂಡು ಈ ಜಾಗಗಳನ್ನು ಕೇಳುವಾಗ ಒಂದು ವಿಚಿತ್ರ ಕೇಳಿಸಬಹುದು. ಹಾಡು ಶುರುವಾಗುವ ಮೊದಲೇ ಅದರ ಮೊದಲ ಸ್ವರ ಬಹಳ ಕ್ಷೀಣವಾಗಿ, ದೂರದಿಂದ ಬಂದ ಹಾಗೆ ಕೇಳುತ್ತದೆ. ನಿಮ್ಮ ಕಿವಿಯ ತಪ್ಪಲ್ಲ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಹೀಗೆ. ಕ್ಯಾಸೆಟ್ಟಿನಲ್ಲಿ ಇದು ಸುಮಾರು ಒಂದೂವರೆಯಿಂದ ಮೂರು ಸೆಕೆಂಡ್ ಮುಂಚೆ ಬರುತ್ತದೆ. ಎಲ್‌ಪಿಯಲ್ಲೂ ಇಂಥದ್ದು ಉಂಟು, ಆದರೆ ಕಾರಣ ಬೇರೆ. ಅಲ್ಲಿ ಪಕ್ಕದ ಗೆರೆಯ ಅಚ್ಚು ಸ್ವಲ್ಪ ಇತ್ತ ಬಿದ್ದಿರುತ್ತದೆ, ಆ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಸರಿಯಾಗಿ 1.8 ಸೆಕೆಂಡ್ ಮುಂಚೆ ಕೇಳುತ್ತದೆ. ಇದನ್ನು ಹಾಡಿನ ಶುರು ಅಂದುಕೊಂಡು ಅಲ್ಲಿ ಗುರುತು ಹಾಕಬೇಡಿ. ನಿಜವಾದ ಶುರುವಿನ ಅರ್ಧ ಸೆಕೆಂಡ್ ಮುಂಚೆ ಹಾಕಿದರೆ ಈ ನೆರಳು ಹಿಂದಿನ ಹಾಡಿನ ಬಾಲದಲ್ಲಿ ಉಳಿದುಬಿಡುತ್ತದೆ.

ಸೈಡಿನ ಕೊನೆಯ ಹಾಡು ಮುಗಿದ ಮೇಲೆ ಒಂದು ಗುರುತು ಹಾಕಿ 'ಕೊನೆ' ಅಂತ ಬರೆಯಿರಿ. ಇಲ್ಲದಿದ್ದರೆ ಕೊನೆಯ ಹಾಡಿಗೆ ಐದು ನಿಮಿಷ ಖಾಲಿ ಟೇಪು ಅಂಟಿಕೊಂಡು ಬರುತ್ತದೆ. 'ಕೊನೆ' ಅನ್ನುವ ಫೈಲನ್ನು ಆಮೇಲೆ ಅಳಿಸಿದರಾಯಿತು.

ಕಚೇರಿಯಲ್ಲಿ ಹಾಡು ಅಂದರೆ ಎಷ್ಟು?

ನನಗೆ ಅತಿ ಹೆಚ್ಚು ಯೋಚನೆ ಹಚ್ಚಿದ್ದು ಇದೇ. ಒಂದು ದೊಡ್ಡ ಕೃತಿ ಅಂದರೆ ರಾಗಾಲಾಪನೆ, ಪಿಟೀಲಿನ ಆಲಾಪನೆ, ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಕಲ್ಪನಾಸ್ವರ, ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಸರದಿ). ಎಲ್ಲ ಸೇರಿ ಮುಕ್ಕಾಲು ಗಂಟೆ ದಾಟಬಹುದು. ಮೊದಮೊದಲು ನಾನು ಆಲಾಪನೆ ಬೇರೆ, ಕೃತಿ ಬೇರೆ, ತನಿ ಬೇರೆ ಅಂತ ಬಿಡಿಸಿದೆ. ಅಮ್ಮ ಒಂದು ದಿನ ಫೋನಿನಲ್ಲಿ ಹಾಡುಗಳನ್ನು ಕಲಸಿ ಹಾಕಿದ್ದರು, ತೋಡಿಯ ಆಲಾಪನೆ ಮುಗಿದ ಕೂಡಲೇ ಇನ್ಯಾವುದೋ ಕಚೇರಿಯ ಮಂಗಳ ಬಂತು. ಅವರಿಗೆ ತುಂಬಾ ಬೇಜಾರಾಯಿತು. ರಾಗ ಅಷ್ಟು ಕಟ್ಟಿ ನಿಲ್ಲಿಸಿ ಕೃತಿಯೇ ಬರದಿದ್ದರೆ ಹೇಗೆ ಅಂದರು. ಅವರು ಹೇಳಿದ್ದೇ ಸರಿ. ಈಗ ನಾನು ಆಲಾಪನೆಯಿಂದ ಚಪ್ಪಾಳೆಯವರೆಗೆ ಒಂದೇ ಫೈಲು ಮಾಡುತ್ತೇನೆ. ರಾಗ ತಾನ ಪಲ್ಲವಿಯೂ ಒಂದೇ. ಮೃದಂಗ ಕಲಿಯುವವರು ಮನೆಯಲ್ಲಿದ್ದರೆ ತನಿಯನ್ನು ಬೇರೆ ತೆಗೆದು ಅವರಿಗೆ ಕೊಡಿ, ಆದರೆ ಅದು ಹೆಚ್ಚುವರಿ ಪ್ರತಿಯಾಗಿರಲಿ, ದೊಡ್ಡದರಿಂದ ಕಿತ್ತದ್ದಾಗಬಾರದು.

ಚಪ್ಪಾಳೆ ಮುಗಿದು ಮುಂದಿನದರ ಶುರುವಿನ ನಡುವೆ ಗಾಯಕರು ರಾಗದ ಹೆಸರು ಹೇಳಿದರೆ ಅದು ಮುಂದಿನ ಹಾಡಿಗೆ ಸೇರಲಿ. ಶ್ರುತಿ ಸರಿಮಾಡುವ ಸದ್ದು ಹಿಂದಿನದಕ್ಕೆ ಹೋಗಲಿ.

ಕಚೇರಿಯಲ್ಲಿ ಬಿಡಿಸುವಾಗ ತಂಬೂರಿ ನುಡಿಯುತ್ತಲೇ ಇರುವುದರಿಂದ ಫೈಲಿನ ಶುರುವಿನಲ್ಲಿ ಟಪ್ ಅಂತ ಒಂದು ಸದ್ದು ಬರಬಹುದು. ಶಬ್ದದ ಅಲೆ ಸೊನ್ನೆಯಲ್ಲಿ ಇಲ್ಲದಾಗ ಕತ್ತರಿಸಿದರೆ ಹೀಗಾಗುತ್ತದೆ. ಬಿಡಿಸುವ ಜಾಗವನ್ನು ಆಯ್ದು ಜೆಡ್ ಕೀ ಒತ್ತಿದರೆ ಆಡಾಸಿಟಿ ಆಯ್ಕೆಯ ಅಂಚನ್ನು ಹತ್ತಿರದ ಸೊನ್ನೆಗೆ ಸರಿಸುತ್ತದೆ, ಗುರುತನ್ನು ಅಲ್ಲಿಗೆ ಎಳೆಯಿರಿ. ಬಿಡಿ ಬಿಡಿಯಾಗಿ ಕೇಳುವವರಿಗೆ ಕೊಡುವ ಪ್ರತಿಯಲ್ಲಿ ಶುರುವಿಗೆ ಅರ್ಧ ಸೆಕೆಂಡ್ ಏರಿಕೆ, ಚಪ್ಪಾಳೆಯ ಮೇಲೆ ಎರಡು ಸೆಕೆಂಡ್ ಇಳಿಕೆ ಕೊಟ್ಟರೆ ಕಿವಿಗೆ ಹಿತ. ಆದರೆ ಇಡೀ ಕಚೇರಿಯನ್ನು ಒಟ್ಟಿಗೆ ಕೇಳುವವರಿಗೆ ಇದು ಬೇಡ, ಪ್ರತಿ ಹಾಡಿಗೂ ತಂಬೂರಿ ಮುಳುಗಿ ಎದ್ದ ಹಾಗೆ ಆಗುತ್ತದೆ. ಮೂಲದಲ್ಲಂತೂ ಇದನ್ನು ಮಾಡಲೇಬೇಡಿ.

ಸಭೆಯಲ್ಲಿ ಕೂತು ರೆಕಾರ್ಡ್ ಮಾಡಿದ ಟೇಪುಗಳಲ್ಲಿ ಸೈಡ್ ಎ ಕೃತಿಯ ಮಧ್ಯದಲ್ಲೇ ಮುಗಿದಿರುತ್ತದೆ. ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡ್ ಹೋಗಿರುತ್ತದೆ. ಎರಡೂ ಸೈಡುಗಳನ್ನು ಒಂದರ ಮೇಲೊಂದು ಹರಿಸಿ ಜೋಡಿಸಿದರೆ ಗೊತ್ತಾಗುವುದಿಲ್ಲ ಅಂತ ನಾನೂ ಪ್ರಯತ್ನ ಮಾಡಿದ್ದೆ. ತಾಳ ಹಾಕಿಕೊಂಡು ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆವರ್ತ ತಪ್ಪಿ ಕೈ ನಿಂತುಬಿಡುತ್ತದೆ. ಅದರ ಬದಲು ಒಂದು ಸೆಕೆಂಡಿನಲ್ಲಿ ಇಳಿಸಿ, ಅರ್ಧ ಸೆಕೆಂಡ್ ಬಿಟ್ಟು, ಮತ್ತೆ ಏರಿಸಿ. ಇಲ್ಲಿ ಟೇಪು ತಿರುಗಿಸಿದ್ದಾರೆ ಅಂತ ಕೇಳುಗರಿಗೆ ತಿಳಿಯುತ್ತದೆ, ಮತ್ತೆ ತಾಳ ಹಿಡಿಯುತ್ತಾರೆ. ಜೋಡಿಸಲೇಬೇಕು ಅಂದರೆ ಎರಡೂ ಕಡೆ ಸಮ (ತಾಳದ ಆವರ್ತ ಶುರುವಾಗುವ ಏಟು) ಹುಡುಕಿ ಸಮದಿಂದ ಸಮಕ್ಕೆ ಜೋಡಿಸಿ.

ತಾಳಮದ್ದಳೆ ಟೇಪುಗಳು

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇವು ಒಂದೊಂದು ಪ್ರಸಂಗಕ್ಕೆ ಎರಡು ಮೂರು ಕ್ಯಾಸೆಟ್ಟಿನ ಕಟ್ಟಾಗಿ ಇರುತ್ತವೆ. ಹಾಡಲ್ಲ, ಕಥೆ ಓಡುತ್ತಾ ಹೋಗುವ ಮಾತು. ಹಾಗಿದ್ದರೆ ಬಿಡಿಸುವುದು ಎಲ್ಲಿ? ಪದ್ಯದಲ್ಲಿ. ಭಾಗವತರ ಒಂದು ಪದ್ಯ, ಅದರ ಹಿಂದೆ ಬರುವ ಅರ್ಥ, ಇಷ್ಟು ಸೇರಿ ಒಂದು ತುಂಡು. ಹೊಸ ಪದ್ಯ ಶುರುವಾಗುವಲ್ಲಿ ಗುರುತು ಹಾಕಿ ಪದ್ಯದ ಮೊದಲ ಎರಡು ಮೂರು ಪದವನ್ನೇ ಹೆಸರಾಗಿ ಬರೆಯಿರಿ, ಪಾತ್ರದ ಹೆಸರನ್ನೂ ಸೇರಿಸಿ. ಕೇಳುವವರು ನೆನಪಿಟ್ಟುಕೊಂಡಿರುವುದೂ ಹಾಗೇ ಅಲ್ವಾ, ಕರ್ಣನ ಆ ಪದ್ಯದ ಅರ್ಥ ಹಾಕು ಅಂತಲೇ ಕೇಳುತ್ತಾರೆ. ಅಲೆಯ ಚಿತ್ರದಲ್ಲಿ ಚೆಂಡೆ ಮದ್ದಳೆ ಇರುವ ಪದ್ಯ ತುಂಬಿದ ಕಟ್ಟಿನಂತೆ, ಮಾತು ಬಿಡಿಬಿಡಿಯಾಗಿ ಕಾಣುತ್ತದೆ. ಇನ್ನೂ ಅನುಮಾನ ಇದ್ದರೆ ಸ್ಪೆಕ್ಟ್ರೋಗ್ರಾಂ (ಯಾವ ಸ್ವರಮಟ್ಟದಲ್ಲಿ ಎಷ್ಟು ಶಬ್ದ ಅಂತ ತೋರಿಸುವ ಚಿತ್ರ) ನೋಟಕ್ಕೆ ಬದಲಿಸಿ, ಶ್ರುತಿ ಹಿಡಿದು ಹಾಡುವಲ್ಲಿ ಅಡ್ಡಗೆರೆಗಳು ನೀಟಾಗಿ ಎದ್ದು ಕಾಣುತ್ತವೆ. ಎರಡು ಗಂಟೆಯ ಪ್ರಸಂಗಕ್ಕೆ ಕಣ್ಣಿನಿಂದಲೇ ಗುರುತು ಹಾಕಿ ಮುಗಿಸಬಹುದು.

ಫೈಲು ಹೊರತೆಗೆಯುವುದು

ಗುರುತುಗಳು ಸರಿಯಾದ ಮೇಲೆ ಎಕ್ಸ್‌ಪೋರ್ಟ್ ಆಡಿಯೊಗೆ ಹೋಗಿ ಮಲ್ಟಿಪಲ್ ಫೈಲ್ಸ್ ಆರಿಸಿ, ಲೇಬಲ್‌ಗಳ (ನಾವು ಹಾಕಿದ ಗುರುತುಗಳಿಗೆ ಆಡಾಸಿಟಿಯ ಹೆಸರು) ಪ್ರಕಾರ ಒಡೆಯಲು ಹೇಳಿ. ಹಳೇ ಆವೃತ್ತಿಯಲ್ಲಿ ಇದು ಎಕ್ಸ್‌ಪೋರ್ಟ್ ಮಲ್ಟಿಪಲ್ ಅಂತ ಬೇರೆಯೇ ಇತ್ತು. ಹೆಸರಿನ ಮೊದಲಿಗೆ ಸಂಖ್ಯೆ ಸೇರಿಸುವ ಆಯ್ಕೆ ಹಾಕಿ. ಗುರುತಿನ ಹೆಸರಿನಲ್ಲಿ ಓರೆಗೆರೆ, ಪ್ರಶ್ನೆ ಚಿಹ್ನೆ, ಎರಡು ಚುಕ್ಕೆಯ ಚಿಹ್ನೆ ಇರಬಾರದು, ಫೈಲಿನ ಹೆಸರಿಗೆ ಅವು ಆಗುವುದಿಲ್ಲ.

ಹಾಡುಗಳ ಜೋರು ಸಮ ಮಾಡಲು ಒಂದೊಂದನ್ನೂ ಬೇರೆ ಬೇರೆ ಎತ್ತರಿಸಬೇಡಿ. ಶಾಂತವಾದ ವಿಳಂಬ ಕೃತಿ ತಿಲ್ಲಾನದಷ್ಟೇ ಜೋರಾಗಿ ಬಂದರೆ ಕಚೇರಿಯ ಏರಿಳಿತವೇ ಹೋಯಿತು. ಎತ್ತರಿಸುವುದಿದ್ದರೆ ಇಡೀ ಸೈಡನ್ನು ಒಂದೇ ಅಳತೆಯಲ್ಲಿ ಎತ್ತರಿಸಿ.

ಯಾವ ರೂಪದಲ್ಲಿ ತೆಗೆಯಬೇಕು? ಜಾಗ ಇದ್ದರೆ ಫ್ಲಾಕ್. ಕಚೇರಿಗಂತೂ ಫ್ಲಾಕ್ ಅಂತಲೇ ನಾನು ಹೇಳುವುದು. ಎಂಪಿ3 ಶಬ್ದವನ್ನು 1152 ಸ್ಯಾಂಪಲ್‌ಗಳ ಕಂತಿನಲ್ಲಿ ತುಂಬುತ್ತದೆ, ಒಂದು ಕಂತು ಸುಮಾರು 26 ಮಿಲಿಸೆಕೆಂಡ್. ಹಾಡು ಸರಿಯಾಗಿ ಕಂತಿನ ಕೊನೆಗೆ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ, ಶುರುವಿನಲ್ಲೂ ಸ್ವಲ್ಪ ಸೇರಿಸುತ್ತದೆ. ಇದರಿಂದಲೇ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ತಂಬೂರಿ ಚೂರು ತುಂಡಾದ ಹಾಗೆ ಕೇಳುತ್ತದೆ. ಲೇಮ್ ಅನ್ನುವ ತಂತ್ರಾಂಶದಿಂದ ಮಾಡಿದ ಎಂಪಿ3ಯಲ್ಲಿ ಎಷ್ಟು ಮೌನ ಸೇರಿಸಿದೆ ಅಂತ ಬರೆದಿರುತ್ತದೆ, ಅದನ್ನು ಓದಬಲ್ಲ ಪ್ಲೇಯರ್ ಆದರೆ ಬಿಟ್ಟು ನುಡಿಸುತ್ತದೆ, ಓದಲಾರದ್ದು ಹಾಗೇ ನುಡಿಸುತ್ತದೆ. ನಡುವೆ ಖಾಲಿ ಇರುವ ಭಾವಗೀತೆಗೆ ಇದರಿಂದ ಏನೂ ತೊಂದರೆ ಇಲ್ಲ.

ನಿಮ್ಮ ಹತ್ತಿರ ಮೂಲವೇ ಎಂಪಿ3 ಆಗಿದ್ದರೆ ಆಡಾಸಿಟಿಯಲ್ಲಿ ತೆರೆದು ಮತ್ತೆ ಎಂಪಿ3 ಮಾಡಬೇಡಿ, ಗುಣಮಟ್ಟ ಇನ್ನೊಮ್ಮೆ ಇಳಿಯುತ್ತದೆ. ಎಂಪಿ3ಡೈರೆಕ್ಟ್‌ಕಟ್ ಅಥವಾ ಎಂಪಿ3ಸ್ಪ್ಲ್ಟ್ ಬಳಸಿ. ಅವು ಶಬ್ದವನ್ನು ಬಿಚ್ಚದೆ ಕಂತುಗಳ ಅಂಚಿನಲ್ಲೇ ಬಿಡಿಸುತ್ತವೆ. ಬಿಡಿಸುವುದೇ ಬೇಡ, ಹಾಡಿನ ಪಟ್ಟಿ ಮಾತ್ರ ಕಂಡರೆ ಸಾಕು ಅನ್ನುವವರಿಗೆ ಕ್ಯೂ ಫೈಲ್ ಅಂತ ಇದೆ. ಸಾದಾ ಪಠ್ಯದ ಫೈಲು, ಪ್ರತಿ ಹಾಡಿನ ಹೆಸರು ಮತ್ತು ಶುರುವಿನ ಸಮಯ ನಿಮಿಷ, ಸೆಕೆಂಡ್, ಫ್ರೇಮ್ ಅಂತ ಬರೆಯಬೇಕು, ಸೆಕೆಂಡಿಗೆ 75 ಫ್ರೇಮ್. ಕಂಪ್ಯೂಟರಿನಲ್ಲಿ ಫೂಬಾರ್2000 ಅನ್ನುವ ಪ್ಲೇಯರ್ ಇದನ್ನು ಚೆನ್ನಾಗಿ ಓದುತ್ತದೆ, ಫೋನು ಮತ್ತು ಕಾರಿನಲ್ಲಿ ಭರವಸೆ ಇಲ್ಲ.

ಹೆಸರು ಮತ್ತು ಕ್ರಮ

ಟ್ಯಾಗ್ (ಫೈಲಿನೊಳಗೇ ಕೂರುವ ಹೆಸರು, ವಿವರ) ಬರೆಯಲು ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶ ಸಾಕು, ಹೆಸರು ಹಾಗಿದ್ದರೂ ಫ್ಲಾಕಿಗೂ ಆಗುತ್ತದೆ. ಟ್ಯಾಗಿನಲ್ಲಿ ಹಾಡಿನ ಹೆಸರು, ರಾಗ, ತಾಳ ಕನ್ನಡದಲ್ಲೇ ಬರೆಯಿರಿ, ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಲ್ಬಂ ಆರ್ಟಿಸ್ಟ್ ಅನ್ನುವ ಜಾಗದಲ್ಲಿ ಎಲ್ಲ ಹಾಡಿಗೂ ಒಂದೇ ಹೆಸರು ಇರಲಿ. ಒಂದರಲ್ಲಿ ಗಾಯಕರು, ಇನ್ನೊಂದರಲ್ಲಿ ಗಾಯಕರು ಮತ್ತು ಪಿಟೀಲು ಅಂತ ಇದ್ದರೆ ಒಂದೇ ಕಚೇರಿ ಫೋನಿನಲ್ಲಿ ಎರಡು ಆಲ್ಬಂ ಆಗಿ ಒಡೆಯಬಹುದು. ಸಂಗೀತ ಕೇಳಿಸಿ ಹೆಸರು ತಾನೇ ಹುಡುಕುವ ಪಿಕಾರ್ಡ್‌ನಂಥ ಸಾಧನ ಕಂಪನಿ ಆಲ್ಬಂಗಳಿಗೆ ಆಗಬಹುದು, ಸಭೆಯಲ್ಲಿ ಮಾಡಿದ ಟೇಪಿಗೆ ನೀವೇ ಬರೆಯಬೇಕು. ಕ್ಯಾಸೆಟ್ ಡಬ್ಬಿಯೊಳಗಿನ ಕಾಗದದ ಫೋಟೊ ತೆಗೆದು ಮುಖಚಿತ್ರವಾಗಿ ಸೇರಿಸಿ, ಅದರ ಮೇಲೆ ಕೈಬರಹದಲ್ಲಿ ಏನಾದರೂ ಬರೆದಿದ್ದರೆ ಖಂಡಿತ ಸೇರಿಸಿ. ನಮ್ಮ ಅಜ್ಜ ಪ್ರತಿ ಕಾಗದದ ಮೇಲೆ ತಾರೀಖು, ಊರು, ಪಕ್ಕವಾದ್ಯದವರ ಹೆಸರು ಬರೆದಿಡುತ್ತಿದ್ದರು, ಎಷ್ಟೋ ಟೇಪುಗಳ ಗುರುತು ಹಿಡಿಯಲು ಆಗಿದ್ದೇ ಅದರಿಂದ.

ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡುವುದು ಒಳ್ಳೆಯದು. ಎಷ್ಟೋ ಕಾರುಗಳ ಸ್ಟೀರಿಯೊದಲ್ಲಿ ಕನ್ನಡ ಅಕ್ಷರದ ಬದಲು ಬರೀ ಚೌಕಗಳು ಬರುತ್ತವೆ. ಸಂಖ್ಯೆ 01, 02 ಅಂತ ಎರಡಂಕಿಯಲ್ಲಿ ಇರಲಿ, ಇಲ್ಲದಿದ್ದರೆ 1 ಆದ ಮೇಲೆ 10 ಬಂದು ಕೂರುತ್ತದೆ. ಇನ್ನೊಂದು, ಕೆಲವು ಕಾರ್ ಸ್ಟೀರಿಯೊಗಳು ಹೆಸರನ್ನೂ ನೋಡುವುದಿಲ್ಲ, ಪೆನ್ ಡ್ರೈವಿಗೆ ಯಾವ ಕ್ರಮದಲ್ಲಿ ಕಾಪಿ ಆಯಿತೋ ಅದೇ ಕ್ರಮದಲ್ಲಿ ನುಡಿಸುತ್ತವೆ. ಕ್ರಮ ತಪ್ಪಿ ಬರುತ್ತಿದ್ದರೆ ಫೋಲ್ಡರ್ ಅಳಿಸಿ ಹಾಡುಗಳನ್ನು ಒಂದೊಂದಾಗಿ ಸರದಿಯಲ್ಲಿ ಮತ್ತೆ ಕಾಪಿ ಮಾಡಿ.

ಎಲ್ಲ ಆದ ಮೇಲೆ ಪ್ರತಿ ಹಾಡಿನ ಮೊದಲ ಐದು ಸೆಕೆಂಡ್, ಕೊನೆಯ ಐದು ಸೆಕೆಂಡ್ ಹೆಡ್‌ಫೋನಿನಲ್ಲಿ ಕೇಳಿ. ಇಡೀ ಹಾಡು ಕೇಳಬೇಕಿಲ್ಲ, ತಪ್ಪು ಆಗುವುದು ಅಂಚಿನಲ್ಲೇ. ಮೊದಲ ಅಕ್ಷರ ನುಂಗಿಹೋಗಿದ್ದರೆ ಗುರುತನ್ನು ಹಿಂದಕ್ಕೆ ಸರಿಸಿ ಮತ್ತೆ ತೆಗೆಯಿರಿ. ಸರಿ ಅನ್ನಿಸಿದ ಮೇಲೆ ಫೈಲ್ ಮೆನುವಿನಿಂದ ಗುರುತುಗಳನ್ನು ಮಾತ್ರ ಪಠ್ಯದ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಮೂಲದ ಪಕ್ಕದಲ್ಲೇ ಅದೇ ಹೆಸರಿನಲ್ಲಿ ಇಡಿ. ಒಂದೊಂದು ಸಾಲಿನಲ್ಲಿ ಶುರು, ಕೊನೆ, ಹೆಸರು, ಅಷ್ಟೇ ಇರುತ್ತದೆ, ಕೆಲವೇ ಕೆಬಿ. ಆ ಚಿಕ್ಕ ಫೈಲು ಮತ್ತು ಮೂಲ ಎರಡನ್ನೂ ಇನ್ನೊಂದು ಹಾರ್ಡ್ ಡಿಸ್ಕಿಗೂ ಕಾಪಿ ಮಾಡಿ, ಆಮೇಲೆ ಮುಂದಿನ ಕ್ಯಾಸೆಟ್ಟಿಗೆ ಕೈ ಹಾಕಿ.